ಅಂಗಳಕ್ಕೆ ಸೈಸ್ಮಿಕ್ ಸರ್ವೆಯವರು ಬಂದಾಗ

ಟೆಕ್ಸಸ್‌ನಲ್ಲೋ ಪೆನ್ಸಿಲ್ವೇನಿಯಾದಲ್ಲೋ ಮನೆ ಕೊಂಡಿರುವ ಕನ್ನಡಿಗರಿಂದ ನನಗೆ ಬರುವ ಫೋನ್ ಹೆಚ್ಚುಕಡಿಮೆ ಹೀಗೇ ಶುರುವಾಗುತ್ತದೆ: “ಸರ್, ಯಾರೋ ಬಂದು ಒಂದು ಕಾಗದ ಕೊಟ್ಟು ಹೋಗಿದ್ದಾರೆ. ಸೈಸ್ಮಿಕ್ ಸರ್ವೆ ಮಾಡ್ತಾರಂತೆ. ಸಹಿ ಹಾಕಬಹುದಾ, ಬೇಡವಾ?”

ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ಆ ಕಾಗದ ಕೊಡುವವರ ಕಡೆ ಕೆಲಸ ಮಾಡಿದವನು ನಾನು. ತೈಲ ಮತ್ತು ಅನಿಲ ಹುಡುಕುವ ಕಂಪನಿಗಳಿಗೆ ಸರ್ವೆಯ ವಿನ್ಯಾಸ ಮಾಡಿಕೊಡುತ್ತಿದ್ದ ಭೂಭೌತವಿಜ್ಞಾನಿ. ಫೋರ್ಟ್ ವರ್ತ್ ಸುತ್ತಲಿನ ಬಾರ್ನೆಟ್ ಶೇಲ್, ಪೆನ್ಸಿಲ್ವೇನಿಯಾದ ಮಾರ್ಸೆಲಸ್ ಶೇಲ್ ಎಂಬ ಎರಡು ಅನಿಲದ ಶಿಲಾಪದರಗಳಲ್ಲೂ ದುಡಿದೆ. ಪರ್ಮಿಟ್ ಏಜೆಂಟರ ಜೊತೆ ಮನೆಮನೆಗೆ ಹೋದೆ, ಕ್ರೂ ಜೊತೆ ಬೀದಿಯಲ್ಲಿ ನಿಂತೆ, ಸರ್ವೆ ಮುಗಿದ ಮೇಲೆ ಬಂದ ದೂರುಗಳನ್ನೂ ಕೇಳಿದೆ. ಈಗ ಯಾವ ಕಂಪನಿಯ ಹಂಗೂ ಇಲ್ಲ.

ಇಷ್ಟರಲ್ಲಿ ನನಗೆ ಖಚಿತವಾದದ್ದು ಒಂದು. ನೆಲದ ಅಡಿ ಏನಿದೆ ಎಂದು ಅವರು ನೋಡುವುದನ್ನು ತಡೆಯುವ ಶಕ್ತಿ ಮನೆಯವರಿಗೆ ತೀರಾ ಕಡಿಮೆ. ನೆಲದ ಮೇಲೆ ಯಾರು, ಯಾವಾಗ, ಏನು ತಂದು, ಯಾವ ಷರತ್ತಿನ ಮೇಲೆ ಕಾಲಿಡಬೇಕು ಎಂದು ಹೇಳುವ ಶಕ್ತಿ ಮಾತ್ರ ಬಹಳ ಇದೆ. ಜನ ಮೊದಲನೆಯದಕ್ಕೆ ಹೆದರುತ್ತಾ ಕೂತು ಎರಡನೆಯದನ್ನು ಕೈಬಿಡುತ್ತಾರೆ.

1. ಬಾಗಿಲಿಗೆ ಬಂದವರು ಸರ್ಕಾರದವರಲ್ಲ

ಕಿತ್ತಳೆ ಜಾಕೆಟ್, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ನಕ್ಷೆ. ಹೊರದೇಶದಿಂದ ಬಂದು ನೆಲೆಸಿದವರಿಗೆ, ಅದರಲ್ಲೂ ವೀಸಾ ಚಿಂತೆ ಇನ್ನೂ ತೀರದವರಿಗೆ, ಇದನ್ನು ಕಂಡರೆ ನಗರಸಭೆಯವರೇ ಬಂದಂತೆ ಅನ್ನಿಸುತ್ತದೆ. ಬೇಡ ಅಂದರೆ ತೊಂದರೆಯಾದೀತು ಎಂದು ನಿಂತಲ್ಲೇ ಸಹಿ ಹಾಕಿದವರನ್ನು ನೋಡಿದ್ದೇನೆ. ಹಗಲು ಹೊತ್ತು ಮನೆಯಲ್ಲಿ ಇರುವವರು ಊರಿಂದ ಬಂದ ಅಪ್ಪ ಅಮ್ಮ. ಮಗನ ಮನೆಯ ಕಾಗದಕ್ಕೆ ಅವರ ಸಹಿಗೆ ಬೆಲೆಯಿಲ್ಲ, ಆದರೂ ಹಾಕಿಸಿಕೊಂಡು ಹೋದ ಏಜೆಂಟರೂ ಇದ್ದಾರೆ.

ಬಂದವರು ಖಾಸಗಿ ಕಂಪನಿಯ ಪರವಾಗಿ ಓಡಾಡುವ ಪರ್ಮಿಟ್ ಏಜೆಂಟರು. ಅವರ ಕೆಲಸ ಸಹಿ ಸಂಗ್ರಹಿಸುವುದು. ಹೆಚ್ಚಿನವರು ಸಭ್ಯರು, ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತಾರೆ. “ಕಾಗದ ಬಿಟ್ಟು ಹೋಗಿ, ಓದಿ ಹೇಳುತ್ತೇವೆ” ಅಂದರೆ ಯಾರೂ ಕೋಪಿಸಿಕೊಳ್ಳುವುದಿಲ್ಲ. ಆ ದಿನವೇ ಸಹಿ ಬೇಕು ಎಂದು ಒತ್ತಾಯಿಸಿದರೆ ಅದೊಂದೇ ಕಾರಣಕ್ಕೆ ತಡ ಮಾಡಿ. ಮನೆಯ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ: ಕಾಗದ ತೆಗೆದುಕೊಳ್ಳಿ, ಪೆನ್ನು ಮುಟ್ಟಬೇಡಿ.

2. ಮನೆ ನಿಮ್ಮದು, ಅದರಡಿಯ ಖನಿಜ ಯಾರದು?

ಉಳಿದೆಲ್ಲ ನಿರ್ಧಾರ ಈ ಪ್ರಶ್ನೆಯ ಮೇಲೆ ನಿಂತಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ನೆಲದ ಮೇಲ್ಮೈ ಒಂದು ಆಸ್ತಿ, ಅಡಿಯ ಖನಿಜ ಇನ್ನೊಂದು ಆಸ್ತಿ. ಎರಡನ್ನೂ ಬೇರೆ ಬೇರೆಯಾಗಿ ಮಾರಬಹುದು. ಎಂದೋ ಹೊಲ ಮಾರಿದ ರೈತ ಖನಿಜದ ಹಕ್ಕನ್ನು ತನ್ನ ಮಕ್ಕಳಿಗೆ ಉಳಿಸಿಕೊಂಡಿರಬಹುದು. ಬಡಾವಣೆ ಕಟ್ಟಿದ ಡೆವಲಪರ್ ಮನೆ ಮಾರುವಾಗ ಅದನ್ನು ತನ್ನ ಬಳಿಯೇ ಇಟ್ಟುಕೊಂಡಿರಬಹುದು. ಡಲ್ಲಾಸ್–ಫೋರ್ಟ್ ವರ್ತ್ ಸುತ್ತಮುತ್ತ ಇದು ಮಾಮೂಲು. ಕ್ರಯಪತ್ರದ ಒಂದು ಸಾಲಿನಲ್ಲಿ, ಟೈಟಲ್ ಇನ್ಶೂರೆನ್ಸ್‌ನ ವಿನಾಯಿತಿಗಳ ಪಟ್ಟಿಯಲ್ಲಿ ಇದು ಬರೆದಿರುತ್ತದೆ. ಮನೆ ಕೊಳ್ಳುವ ಸಂಭ್ರಮದಲ್ಲಿ ಯಾರೂ ಓದಿರುವುದಿಲ್ಲ.

ಕೌಂಟಿ ಕ್ಲರ್ಕ್ ಕಚೇರಿಯ ದಾಖಲೆಗಳಲ್ಲಿ ಹಿಂದಿನ ಮಾರಾಟಗಳನ್ನೆಲ್ಲ ಹುಡುಕಬಹುದು. ಊರಿನಲ್ಲಿ ಇ.ಸಿ. ತೆಗೆಸಿ ರೂಢಿ ಇರುವವರಿಗೆ ಈ ಕೆಲಸ ಹೊಸದಲ್ಲ.

ಟೆಕ್ಸಸ್ ಕಾನೂನಿನಲ್ಲಿ ಖನಿಜದ ಹಕ್ಕು ಮೇಲ್ಮೈ ಹಕ್ಕಿಗಿಂತ ಮೇಲು. ಖನಿಜದ ಒಡೆಯ ಅಥವಾ ಅವನಿಂದ ಗುತ್ತಿಗೆ ಪಡೆದ ಕಂಪನಿ ತನಗೆ ಅಗತ್ಯವಿರುವಷ್ಟು ಮಟ್ಟಿಗೆ ಮೇಲ್ಮೈಯನ್ನು ಬಳಸಬಹುದು, ಸರ್ವೆಯೂ ಅದರಲ್ಲಿ ಸೇರಿದೆ. ಇದಕ್ಕೆ ಒಂದು ಕಡಿವಾಣವನ್ನೂ ಹಾಕಲಾಗಿದೆ. ಜೋನ್ಸ್ ಎಂಬ ರೈತ ತನ್ನ ಹೊಲಕ್ಕೆ ತಾನೇ ತಾನಾಗಿ ಚಲಿಸುವ ಸ್ಪ್ರಿಂಕ್ಲರ್ ಹಾಕಿಸಿದ್ದ. ಗೆಟ್ಟಿ ಆಯಿಲ್ ಕಂಪನಿ ನೆಟ್ಟ ಎತ್ತರದ ಪಂಪುಗಳು ಅದಕ್ಕೆ ಅಡ್ಡ ಬಂದವು. 1971ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಹೇಳಿದ್ದರ ಸಾರ ಇದು: ಮೇಲ್ಮೈ ಒಡೆಯನ ಚಾಲ್ತಿಯಲ್ಲಿರುವ ಬಳಕೆಗೆ ಅಡ್ಡಿಯಾಗುತ್ತಿದ್ದು, ಕಂಪನಿಗೆ ಬೇರೆ ಒಪ್ಪುವಂಥ ದಾರಿ ಇದ್ದರೆ, ಆ ದಾರಿ ಹಿಡಿಯಬೇಕು. ಮನೆಯವರ ಪರವಾಗಿ ಚೌಕಾಸಿಗೆ ಕೂರುವ ವಕೀಲರು ಇಂದಿಗೂ ಈ ತೀರ್ಪನ್ನೇ ಹಿಡಿದು ಮಾತಾಡುತ್ತಾರೆ.

ಅಂದಮೇಲೆ ಏಜೆಂಟರಿಗೆ ಮೊದಲ ಪ್ರಶ್ನೆ: “ನೀವು ನನ್ನನ್ನು ಕೇಳುತ್ತಿರುವುದು ಮೇಲ್ಮೈ ಒಡೆಯ ಅಂತಲೋ, ಖನಿಜದ ಒಡೆಯ ಅಂತಲೋ?” ಈ ಒಂದು ಪ್ರಶ್ನೆಗೆ ಮಾತಿನ ಧಾಟಿ ಬದಲಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

3. ಸರ್ವೆ ಬೇರೆ, ಬಾವಿ ಕೊರೆಯುವುದು ಬೇರೆ

ಹಲಸಿನ ಹಣ್ಣನ್ನು ಕೊಯ್ಯುವ ಮುಂಚೆ ತಟ್ಟಿ ನೋಡುತ್ತೇವಲ್ಲ, ಸೈಸ್ಮಿಕ್ ಸರ್ವೆಯೂ ಅಷ್ಟೇ. ನೆಲವನ್ನು ಮೇಲಿನಿಂದ ಅಲುಗಿಸುತ್ತಾರೆ. ಅಲೆ ಕೆಳಗೆ ಇಳಿದು, ಒಂದೊಂದು ಶಿಲಾಪದರಕ್ಕೂ ಬಡಿದು ಒಂದಿಷ್ಟು ವಾಪಸ್ ಬರುತ್ತದೆ. ನೆಲದಲ್ಲಿ ಚುಚ್ಚಿಟ್ಟ ಜಿಯೊಫೋನ್‌ಗಳು ಅದನ್ನು ದಾಖಲಿಸುತ್ತವೆ. ಏಳು ಸಾವಿರ ಅಡಿ ಆಳದಲ್ಲಿರುವ ಪದರಕ್ಕೆ ಅಲೆ ಹೋಗಿ ಬರಲು ಒಂದೂವರೆ ಸೆಕೆಂಡೂ ಬೇಡ. ಇಂಥ ಸಾವಿರಾರು ದಾಖಲೆಗಳನ್ನು ಸೇರಿಸಿ ಕಂಪ್ಯೂಟರ್ ನೆಲದಡಿಯ ಚಿತ್ರ ಕಟ್ಟುತ್ತದೆ.

ಈ ವಿದ್ಯೆಯ ಮೊದಲ ಪ್ರಯೋಗ ನಡೆದದ್ದು 1921ರಲ್ಲಿ, ಒಕ್ಲಹೋಮದಲ್ಲಿ. ಅದರ ಮುಂದಾಳುಗಳಲ್ಲಿ ಒಬ್ಬರಾದ ಜಾನ್ ಕಾರ್ಚರ್, ಯೂಜೀನ್ ಮೆಕ್‌ಡರ್ಮಟ್ ಜೊತೆ ಸೇರಿ 1930ರಲ್ಲಿ ಜಿಯೊಫಿಸಿಕಲ್ ಸರ್ವಿಸ್ ಎಂಬ ಸರ್ವೆ ಕಂಪನಿ ಕಟ್ಟಿದರು. ಅದೇ 1951ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಆಯಿತು. 1985ರಲ್ಲಿ ಬೆಂಗಳೂರಿಗೆ ಬಂದು ನಮ್ಮೂರಿನ ಸಾಫ್ಟ್‌ವೇರ್ ಯುಗಕ್ಕೆ ಬಾಗಿಲು ತೆರೆದದ್ದೂ ಅದೇ. ಡಲ್ಲಾಸ್‌ನ ಎಷ್ಟೋ ಕನ್ನಡಿಗರು ಅಲ್ಲೇ ದುಡಿದವರು, ತಮ್ಮ ಕಂಪನಿಯ ಬೇರು ಈ ಸರ್ವೆಯಲ್ಲಿದೆ ಎಂದು ಕೇಳಿ ಬೆರಗಾಗುತ್ತಾರೆ.

“ಸರ್ವೆ ಮಾಡಿದರೆ ಭೂಕಂಪ ಆಗುತ್ತದಂತೆ” ಎನ್ನುವ ಭಯಕ್ಕೆ ಕಾರಣ ಬೇರೆ ಕಡೆ ಇದೆ. 2016ರ ಸೆಪ್ಟೆಂಬರ್‌ನಲ್ಲಿ ಒಕ್ಲಹೋಮದ ಪಾನೀ ಪಟ್ಟಣದ ಬಳಿ 5.8ರ ತೀವ್ರತೆಯ ಭೂಕಂಪ ಆಯಿತು. ಅದಕ್ಕೆ ತಳುಕು ಹಾಕಿಕೊಂಡದ್ದು ತೈಲಬಾವಿಗಳಿಂದ ಬರುವ ಉಪ್ಪುನೀರನ್ನು ಆಳಕ್ಕೆ ತುಂಬಿಸುವ ಕೆಲಸ. ವರ್ಷಗಟ್ಟಲೆ ಭಾರಿ ಪ್ರಮಾಣದ ನೀರನ್ನು ತಳ್ಳಿದಾಗ ಹಳೆಯ ಸೀಳುಗಳ ಮೇಲಿನ ಒತ್ತಡ ಬದಲಾಗುತ್ತದೆ. ಕೆಲವು ಸೆಕೆಂಡುಗಳ ಮೇಲ್ಮೈ ಕಂಪನಕ್ಕೆ ಅಂಥ ಕಸುವಿಲ್ಲ. ಭಯ ಪಡುವುದಾದರೆ ಸರಿಯಾದ ಹಂತಕ್ಕೆ ಪಡಬೇಕು: ಕೊರೆತ, ಒತ್ತಡದ ನೀರಿನಿಂದ ಶಿಲೆಯನ್ನು ಸೀಳುವ ಫ್ರ್ಯಾಕಿಂಗ್, ತ್ಯಾಜ್ಯ ನೀರಿನ ಬಾವಿ. ಸರ್ವೆ ಇವುಗಳ ಮುನ್ಸೂಚನೆ, ಅಷ್ಟೇ. ನಿಮ್ಮ ಓಣಿಯಲ್ಲಿ ಸರ್ವೆ ನಡೆಯಿತೆಂದರೆ ಒಂದೆರಡು ವರ್ಷಗಳಲ್ಲಿ ಕೊರೆತದ ಅರ್ಜಿ ಬರಬಹುದು. ನಗರಸಭೆಯ ಸಭೆಗಳ ಕಡೆ ಕಣ್ಣಿಡಲು ಅದೇ ಸಮಯ.

4. ನೀವು ಬೇಡ ಅಂದರೂ ಚಿತ್ರ ಬರುತ್ತದೆ

ಅಲೆ ಹೊರಟ ಜಾಗ ಒಂದು, ಅದನ್ನು ಹಿಡಿದ ಜಿಯೊಫೋನ್ ಇನ್ನೊಂದು ಜಾಗದಲ್ಲಿ. ಆ ಅಲೆ ಆಳದ ಪದರಕ್ಕೆ ಬಡಿದು ತಿರುಗಿದ್ದು ಎರಡರ ನಡುಮಧ್ಯೆ. ನೆಲ ಅಲುಗಿಸುವ ಲಾರಿ ನಿಮ್ಮ ಮನೆಯ ಮುಂದಿನ ರಸ್ತೆಯಲ್ಲಿ, ಜಿಯೊಫೋನ್ ಹಿಂದಿನ ರಸ್ತೆಯ ಪಕ್ಕದಲ್ಲಿ ಇದ್ದರೆ ಸಿಗುವುದು ನಿಮ್ಮ ಅಡುಗೆಮನೆಯ ಅಡಿಯ ಚಿತ್ರ. ಅನುಮತಿ ಸಿಗದ ಮನೆಗಳನ್ನು ನಾವು ನಕ್ಷೆಯಲ್ಲಿ ಕೆಂಪು ಬಳಿದು, ಸುತ್ತಲಿನ ಬಿಂದುಗಳನ್ನು ಅತ್ತ ಇತ್ತ ಸರಿಸುತ್ತಿದ್ದೆವು. ಕಾಲು ಎಕರೆಯ ಸೈಟು ಬಿಟ್ಟುಹೋದರೆ ಆಳದ ಚಿತ್ರಕ್ಕೆ ಏನೂ ಕೊರತೆಯಾಗುವುದಿಲ್ಲ. ನೂರಾರು ಎಕರೆಯ ಜಮೀನು ಬಿಟ್ಟುಹೋದರೆ ತೂತು ಬೀಳುತ್ತದೆ; ದೊಡ್ಡ ಜಮೀನಿನವರಿಗೆ ಕಂಪನಿ ಹೆಚ್ಚು ಮರ್ಯಾದೆ ಕೊಡುವುದು ಇದೇ ಕಾರಣಕ್ಕೆ.

ಟೆಕ್ಸಸ್‌ನಲ್ಲಿ ಇದಕ್ಕೆ ಕೋರ್ಟಿನ ಬೆಂಬಲವೂ ಇದೆ. 1948ರ ಕೆನಡಿ ಪ್ರಕರಣದಲ್ಲಿ, ಜಮೀನಿನೊಳಗೆ ಕಾಲಿಡದೆ ಸಾರ್ವಜನಿಕ ರಸ್ತೆಯ ಜಾಗದಲ್ಲಿ ಮಾಡಿದ ಸರ್ವೆಯನ್ನು ಅತಿಕ್ರಮಣ ಎಂದು ಕೋರ್ಟ್ ಒಪ್ಪಲಿಲ್ಲ.

“ನಮ್ಮ ಮನೆ ಅಡಿ ಏನಿದೆ ಅಂತ ಗೊತ್ತಾಗಬಾರದು” ಎಂಬುದೇ ನಿಮ್ಮ ಆಕ್ಷೇಪವಾದರೆ ಬೇಡ ಅನ್ನುವುದರಿಂದ ಆ ಫಲ ಸಿಗದು. ಅಂಗಳದಲ್ಲಿ ಪರರು ಓಡಾಡಬಾರದು ಎಂಬುದಾದರೆ, ಖನಿಜದ ಹಕ್ಕು ಕಂಪನಿಯ ಕೈಯಲ್ಲಿ ಇಲ್ಲದಿದ್ದಲ್ಲಿ, ಪೂರ್ತಿ ಸಿಗುತ್ತದೆ.

5. ಗೋಡೆಯ ಬಿರುಕನ್ನು ಲಾರಿ ಬರುವ ಮುಂಚೆ ನೋಡಿ

ಬಡಾವಣೆಗಳಲ್ಲಿ ಸಿಡಿಮದ್ದು ಬಳಸುವುದಿಲ್ಲ. ಬರುವುದು ವೈಬ್ರೇಟರ್ ಲಾರಿ. ಮೂರೋ ನಾಲ್ಕೋ ಲಾರಿಗಳು ಸಾಲಾಗಿ ಬಂದು ನಿಲ್ಲುತ್ತವೆ. ಒಂದೊಂದೂ ಇಪ್ಪತ್ತೈದು ಟನ್ನಿನ ಆಸುಪಾಸು. ಲಾರಿಯ ಹೊಟ್ಟೆಯಡಿಯಿಂದ ಒಂದು ಉಕ್ಕಿನ ಚಪ್ಪಡಿ ಇಳಿದು ಡಾಂಬರಿಗೆ ಒತ್ತಿಕೊಳ್ಳುತ್ತದೆ, ಲಾರಿಯ ಭಾರವೆಲ್ಲ ಅದರ ಮೇಲೆ. ಆಮೇಲೆ ಒಂದು ಗುಂಯ್‌ಗಾಟ. ಮೊದಲು ಅಂಗಾಲಿಗಷ್ಟೇ ತಿಳಿಯುವ ಮಂದ್ರದಲ್ಲಿ, ಬರಬರುತ್ತಾ ಏರಿ, ಹತ್ತು ಹನ್ನೆರಡು ಸೆಕೆಂಡಿನಲ್ಲಿ ಕಿವಿಗೆ ಕೇಳುವಷ್ಟಾಗಿ ನಿಂತುಬಿಡುತ್ತದೆ. ನಡುವೆ ಒಂದು ಕ್ಷಣ ಕಿಟಕಿಯ ಗಾಜೋ, ಷೋಕೇಸಿನ ಲೋಟವೋ ಗಲಗಲ ಅನ್ನುತ್ತದೆ. ಆ ಕ್ಷಣದ ಕಂಪನ ಗಾಜಿನ ಸ್ವಂತ ಕಂಪನಕ್ಕೆ ತಾಳೆಯಾಗಿರುತ್ತದೆ. ಚಪ್ಪಡಿ ಮೇಲೇಳುತ್ತದೆ, ಲಾರಿಗಳು ಒಂದಷ್ಟು ದೂರ ಮುಂದೆ ಹೋಗಿ ಮತ್ತೆ ಅದೇ.

ಮನೆಯವರು ಬೆಚ್ಚುವುದು ಸಹಜ. ಮೈಗೆ ತಿಳಿಯುವ ಕಂಪನ ಬೇರೆ, ಗೋಡೆ ಒಡೆಯುವ ಕಂಪನ ಬೇರೆ. ಅಮೆರಿಕದ ಬ್ಯೂರೊ ಆಫ್ ಮೈನ್ಸ್ ಗಣಿ ಸ್ಫೋಟಗಳ ಸುತ್ತಲಿನ ಮನೆಗಳನ್ನು ಅಭ್ಯಾಸ ಮಾಡಿ 1980ರಲ್ಲಿ ಕೊಟ್ಟ ಮಿತಿಯನ್ನೇ ಇಂದಿಗೂ ಎಲ್ಲರೂ ಆಧಾರವಾಗಿ ಹಿಡಿಯುತ್ತಾರೆ: ನಿಧಾನಗತಿಯ ಕಂಪನದಲ್ಲಿ ನೆಲದ ಕಣದ ವೇಗ ಹಳೆಯ ಪ್ಲಾಸ್ಟರ್ ಗೋಡೆಗೆ ಸೆಕೆಂಡಿಗೆ 0.5 ಇಂಚು, ಡ್ರೈವಾಲ್‌ಗೆ 0.75 ಇಂಚು ಮೀರಬಾರದು. ಕಂಪನ ಸೆಕೆಂಡಿಗೆ 40 ಸಲ ದಾಟಿದ ಮೇಲೆ ಮಿತಿ 2 ಇಂಚಿನವರೆಗೆ ಏರುತ್ತದೆ. ಮನುಷ್ಯರ ಮೈಗೆ ಇದರ ಎಷ್ಟೋ ಪಾಲು ಕಡಿಮೆ ಕಂಪನವೇ ಗೊತ್ತಾಗುತ್ತದೆ. ತೆರೆದ ಜಮೀನಿನಲ್ಲಿ ವೈಬ್ರೇಟರನ್ನು ಮನೆಯಿಂದ 300 ಅಡಿ ದೂರ ಇಡುವುದು ವಾಡಿಕೆ. ಬೀದಿಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ, ಅಲ್ಲಿ ಲಾರಿಯ ಬಲವನ್ನು ತಗ್ಗಿಸಿ ಓಡಿಸಬೇಕು.

ತಗ್ಗಿಸಿದರೋ ಇಲ್ಲವೋ ಎಂದು ತಿಳಿಯಲು ಒಂದೇ ದಾರಿ, ನಿಮ್ಮ ಪಾಯದ ಪಕ್ಕದಲ್ಲಿ ಕಂಪನಮಾಪಕ ಇಡಲು ಹೇಳುವುದು. ಊಟದ ಡಬ್ಬಿಯಷ್ಟಿರುವ ಪೆಟ್ಟಿಗೆ, ಹುಲ್ಲಿನಲ್ಲಿ ಊರಿದ ಸಣ್ಣ ಸಂವೇದಕ. ಕ್ರೂ ಬಳಿ ಅದು ಇದ್ದೇ ಇರುತ್ತದೆ, ಕೇಳಿದವರ ಮನೆ ಮುಂದೆ ಇಡುತ್ತಾರೆ. ದಾಖಲೆಯ ಪ್ರತಿ ನಿಮಗೆ ಬೇಕು ಎಂದು ಕಾಗದದಲ್ಲೇ ಬರೆಸಿ.

ಇನ್ನೊಂದು ಮಾತು ಡಲ್ಲಾಸ್ ಕಡೆಯವರಿಗೆ. ಅಲ್ಲಿನ ಜೇಡಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಪಾಯದ ಸುತ್ತ ಪೈಪಿನಲ್ಲಿ ನೀರು ಹನಿಸುವ ಮನೆಗಳೆಷ್ಟೋ. ಬಾಗಿಲ ಚೌಕಟ್ಟಿನ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಅಲ್ಲಿ ಮನೆಮನೆಯಲ್ಲಿದೆ. ಲಾರಿ ಹೋದ ಸಂಜೆ ಜನ ಮೊದಲ ಸಲ ಗೋಡೆಯನ್ನು ನಿಟ್ಟಿಸಿ ನೋಡುತ್ತಾರೆ, ವರ್ಷಗಳ ಹಳೆಯ ಬಿರುಕು ಆಗ ಕಣ್ಣಿಗೆ ಬೀಳುತ್ತದೆ. ಕಂಪನಿಯೂ ನಂಬುವುದಿಲ್ಲ, ನೀವೂ ಬಿಡುವುದಿಲ್ಲ. ಸರ್ವೆಗೆ ಒಂದು ವಾರ ಮುಂಚೆ ಪ್ರತಿ ಕೋಣೆ, ಗ್ಯಾರೇಜಿನ ನೆಲ, ಹೊರಗಿನ ಇಟ್ಟಿಗೆ ಗೋಡೆ, ಈಜುಕೊಳದ ಅಂಚು ಎಲ್ಲದರ ಫೋಟೋ ತೆಗೆದಿಡಿ. ಬಿರುಕಿನ ಪಕ್ಕ ಸ್ಕೇಲ್ ಹಿಡಿದು ತೆಗೆಯಿರಿ. ನಿಮ್ಮ ಮನೆ ವಿಮೆ ಇಂಥ ನಷ್ಟವನ್ನು ತುಂಬಿಕೊಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಸಾಮಾನ್ಯ ಮನೆ ವಿಮೆಯಲ್ಲಿ ನೆಲದ ಚಲನೆಯನ್ನು ಹೊರಗಿಟ್ಟಿರುತ್ತಾರೆ.

6. ಸಿಡಿಮದ್ದು ಅಂದರೆ ಬಾವಿಯ ವಿಷಯ

ಪೆನ್ಸಿಲ್ವೇನಿಯಾದ ಗುಡ್ಡಗಾಡಿಗೆ ವೈಬ್ರೇಟರ್ ಲಾರಿ ಏರುವುದಿಲ್ಲ. ಅಲ್ಲಿ ಸಣ್ಣ ರಿಗ್ ತಂದು ಇಪ್ಪತ್ತು ಅಡಿಯೋ ಇನ್ನೂ ಹೆಚ್ಚೋ ರಂಧ್ರ ಕೊರೆದು, ತಳದಲ್ಲಿ ಒಂದೆರಡು ಕಿಲೋ ಮದ್ದಿಟ್ಟು, ಮೇಲೆ ಮುಚ್ಚಿ ಸಿಡಿಸುತ್ತಾರೆ. ಮೇಲೆ ನಿಂತವರಿಗೆ ಧಪ್ ಎಂಬ ಸದ್ದು, ಅಷ್ಟೇ.

ಅಲ್ಲೊಂದು ಮನೆಯಲ್ಲಿ ತಿಪಟೂರು ಕಡೆಯ ತಾಯಿಯೊಬ್ಬರು ಮಗಳ ಬಾಣಂತನಕ್ಕೆ ಬಂದಿದ್ದರು. ನಾನು ಕನ್ನಡದವನೆಂದು ತಿಳಿದದ್ದೇ ತಡ, ಕೇಳಿದರು: “ಅಲ್ಲಪ್ಪಾ, ಇವರು ಮದ್ದು ಸಿಡಿಸಿದರೆ ಇವಳ ಮನೆ ಬಾವಿ ನೀರು ಹೊರಟೋಗಲ್ವಾ? ನಮ್ಮಲ್ಲಿ ಪಕ್ಕದ ತೋಟದವರು ಬೋರ್ ಕೊರೆಸಿದರೇ ನಮ್ಮದು ಒಣಗುತ್ತೆ.”

“ಅಮ್ಮಾ, ಅಲ್ಲಿ ಅವರು ನಿಮ್ಮ ನೀರನ್ನೇ ಎಳೀತಾರೆ, ಅದಕ್ಕೆ ಒಣಗುತ್ತೆ. ಇಲ್ಲಿ ನೀರು ಎಳೆಯಲ್ಲ. ಆದರೂ ಬಾವಿಯಿಂದ ಎಷ್ಟು ದೂರ ಅಂತ ಬರೆಸಿಕೊಳ್ಳಿ ಅಂತ ಮಗಳಿಗೆ ಹೇಳಿ.”

ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಆ ತಾಯಿ ಕೇಳಿದ್ದರು. ಪೆನ್ಸಿಲ್ವೇನಿಯಾದ ಹಳ್ಳಿಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳು ಸ್ವಂತ ಬಾವಿಯ ನೀರು ಕುಡಿಯುತ್ತವೆ. ಆ ಬಾವಿಗಳನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ರಾಜ್ಯಮಟ್ಟದ ನಿಯಮವೇ ಇಲ್ಲ. ಎಷ್ಟೋ ಹಳೆಯ ಬಾವಿಗಳ ಕೇಸಿಂಗ್ ಸುತ್ತ ಸಿಮೆಂಟೂ ಇಲ್ಲ. ದೂರ ಕಾಯ್ದುಕೊಂಡು ಸಿಡಿಸಿದ ಸಣ್ಣ ಮದ್ದಿನಿಂದ ಬಾವಿ ಹಾಳಾಗುವುದು ಅಪರೂಪ. ಅಲುಗಾಟಕ್ಕೆ ನೀರು ಕೆಲವು ದಿನ ರಾಡಿಯಾಗಬಹುದು. ನನಗೆ ಅದಕ್ಕಿಂತ ಹೆಚ್ಚಿನ ಚಿಂತೆ ಮುಚ್ಚದೆ ಬಿಟ್ಟ ರಂಧ್ರದ್ದು. ಮೇಲಿನ ಕೊಳೆನೀರು ನೇರವಾಗಿ ಕೆಳಗಿನ ಜಲಪದರಕ್ಕೆ ಇಳಿಯಲು ಅದೇ ದಾರಿ. ಬೆಂಟೊನೈಟ್ ಜೇಡಿಯಿಂದ ರಂಧ್ರ ತುಂಬಬೇಕು, ಯಾವ ಯಾವ ಬಿಂದುವಿನಲ್ಲಿ ಕೊರೆದರು ಎಂಬ ನಕ್ಷೆ ನಿಮ್ಮ ಕೈಗೆ ಬರಬೇಕು.

ಸರ್ವೆಗೆ ಮುಂಚೆ ನೀರಿನ ಪರೀಕ್ಷೆ ಮಾಡಿಸಿ: ರಾಡಿ, ಕೋಲಿಫಾರ್ಮ್, ಕ್ಲೋರೈಡ್, ಬೇರಿಯಂ, ಮೀಥೇನ್. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲೂ ಕುಡಿಯುವ ನೀರಿನ ಪರೀಕ್ಷೆ ಮಾಡಿಕೊಡುತ್ತಾರೆ. ಮಾದರಿಯನ್ನು ನೀವೇ ಬಾಟಲಿಗೆ ಹಿಡಿದು ಕೊಟ್ಟರೆ ಆಮೇಲೆ ವಾದದಲ್ಲಿ ನಿಲ್ಲುವುದು ಕಷ್ಟ, ಮೂರನೆಯವರು ಬಂದು ತೆಗೆಯಲಿ. ಖರ್ಚನ್ನು ಕಂಪನಿ ಕೊಡಲಿ, ವರದಿ ಮಾತ್ರ ನಿಮ್ಮ ಹೆಸರಿಗೂ ಬರಲಿ. ಇದೇ ವರದಿ ಮುಂದೆ ಕೊರೆತ ಶುರುವಾದಾಗ ಇನ್ನೂ ಹೆಚ್ಚಿನ ಕೆಲಸಕ್ಕೆ ಬರುತ್ತದೆ.

7. ಹಿಂದಿನ ಪುಟವನ್ನು ಮೊದಲು ಓದಿ

ಜನಕ್ಕೆ ಲಾರಿಯದೇ ಚಿಂತೆ. ನನ್ನ ಚಿಂತೆ ಯಾವಾಗಲೂ ಕಾಗದದ್ದು.

ಮೊದಲ ಪುಟದಲ್ಲಿ ಹೆಸರು, ವಿಳಾಸ, ಸರ್ವೆಯ ಹೆಸರು, ಕೊಡುವ ಹಣ ಇರುತ್ತದೆ. ಏಜೆಂಟರು ಬೆರಳಿಟ್ಟು ತೋರಿಸುವುದು ಅದನ್ನೇ. ಹಿಂದಿನ ಪುಟಗಳಲ್ಲಿ ಎಲ್ಲೋ, ಸಣ್ಣ ಅಕ್ಷರದಲ್ಲಿ, ಇಂಥ ಅರ್ಥದ ಒಂದು ವಾಕ್ಯ ಕೂತಿರಬಹುದು: ಈ ಪತ್ರದ ತಾರೀಖಿನಿಂದ ಹದಿನೆಂಟು ತಿಂಗಳೊಳಗೆ ಸದರಿ ಆಸ್ತಿಯ ಖನಿಜಗಳನ್ನು ಲಗತ್ತಿಸಿದ ದರದಲ್ಲಿ ಗುತ್ತಿಗೆ ಪಡೆಯುವ ಹಕ್ಕು ಕಂಪನಿಗೆ ಇರುತ್ತದೆ. ಹೀಗೆ ಬರೆದಿದ್ದರೆ ಅದು ಬರೀ ಸರ್ವೆಯ ಅನುಮತಿ ಅಲ್ಲ. ಸರ್ವೆಯಲ್ಲಿ ಒಳ್ಳೆಯ ಪದರ ಕಂಡರೆ ನಿಮ್ಮ ಖನಿಜವನ್ನು ಇಂದಿನ ಅಗ್ಗದ ದರಕ್ಕೇ ಅವರು ಎತ್ತಿಕೊಳ್ಳಬಹುದು. ಕಾಣದಿದ್ದರೆ ಬಿಟ್ಟು ಹೋಗಬಹುದು. ಲಾಭದ ಬಾಗಿಲು ಅವರಿಗೆ ಮಾತ್ರ. ಖನಿಜ ನಿಮ್ಮದಾಗಿದ್ದರೆ ಈ ವಾಕ್ಯವನ್ನು ಅಡ್ಡಗೆರೆ ಹೊಡೆದು ತೆಗೆಸದೆ ಸಹಿ ಹಾಕಬೇಡಿ.

ಅಚ್ಚಾದ ಕಾಗದ ಕಂಡರೆ ಅದನ್ನು ಮುಟ್ಟಬಾರದು ಎಂದುಕೊಳ್ಳುವ ಸ್ವಭಾವ ನಮ್ಮಲ್ಲಿ ಅನೇಕರಿಗಿದೆ. ಆ ಕಾಗದ ಕಂಪನಿಯ ವಕೀಲರು ಕಂಪನಿಗೆ ಬೇಕಾದ ಹಾಗೆ ಬರೆದದ್ದು. ತಿದ್ದುಪಡಿ ಬರುತ್ತದೆ ಎಂಬ ಅಂದಾಜಿನಲ್ಲೇ ಅವರು ಕಳಿಸುತ್ತಾರೆ. ನಾನು ಬರೆಸಿಕೊಳ್ಳಲು ಹೇಳುವುದು ಇಷ್ಟು. ವೈಬ್ರೇಟರೋ, ಮದ್ದೋ, ಜಿಯೊಫೋನ್ ಮಾತ್ರವೋ ಎಂಬುದು ಹೆಸರು ಹಿಡಿದು ಇರಬೇಕು. ಜಿಯೊಫೋನಿಗೆ ಒಪ್ಪಿದವರ ಅಂಗಳಕ್ಕೆ ಮದ್ದು ಬರಬಾರದು. ಅನುಮತಿಗೆ ಕೊನೆಯ ತಾರೀಖು ಇರಬೇಕು, ಒಂದು ಸಲದ ಸರ್ವೆಗೆ ಮಾತ್ರ ಎಂದಿರಬೇಕು. ಮನೆ, ಬಾವಿ, ಸೆಪ್ಟಿಕ್ ಟ್ಯಾಂಕ್ ಒಂದೊಂದರಿಂದಲೂ ಎಷ್ಟು ಅಡಿ ದೂರ ಎಂಬ ಅಂಕಿ ಬೇಕು. ಬರುವ ಮುನ್ನ ಎರಡು ದಿನದ ಸೂಚನೆ. ಕ್ರೂನವರಿಗೆ ಪೆಟ್ಟಾದರೆ, ಮೂರನೆಯವರಿಗೆ ನಷ್ಟವಾದರೆ ನಿಮ್ಮ ಮೇಲೆ ಬರದಂತೆ ಕಂಪನಿ ಹೊಣೆ ಹೊರಬೇಕು. ವಿಮಾ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರೂ ಸೇರಬೇಕು. ಹಾನಿಯ ಪರಿಹಾರ ಅನುಮತಿ ಹಣಕ್ಕಿಂತ ಬೇರೆ ಎಂದು ಸ್ಪಷ್ಟವಾಗಿರಬೇಕು. “ಕೊಟ್ಟ ಹಣದಲ್ಲೇ ಎಲ್ಲ ಹಾನಿಯೂ ತೀರಿತು” ಎಂಬ ವಾಕ್ಯ ಬಹಳ ಕಾಗದಗಳಲ್ಲಿ ಇರುತ್ತದೆ, ಅದು ಹೋಗಬೇಕು.

ಕಂಪನಿ ಒಂದು ಅಕ್ಷರವನ್ನೂ ಬದಲಿಸಲು ಒಪ್ಪದಿದ್ದರೆ ನನ್ನ ಸಲಹೆ ನೇರ: ಕೊಡಬೇಡಿ. ಸಹಿಗೆ ಮುಂಚೆ ಬಗ್ಗದವರು ಹಾನಿಯಾದ ಮೇಲೆ ಫೋನ್ ಎತ್ತುವುದಿಲ್ಲ. ಖನಿಜ ನಿಮ್ಮದಾಗಿದ್ದರೆ ಆ ರಾಜ್ಯದ ತೈಲ–ಅನಿಲ ಕಾನೂನು ಬಲ್ಲ ವಕೀಲರಿಗೆ ಒಂದು ಗಂಟೆಯ ಫೀಸು ಕೊಡುವುದಕ್ಕೆ ಹಿಂದೆಮುಂದೆ ನೋಡಬೇಡಿ. ಮನೆ ಕೊಡಿಸಿದ ಏಜೆಂಟರನ್ನು ಕೇಳಿದರೆ ಸಾಲದು.

8. ಹಣದ ಮಾತು

ಸೈಟಿನ ಮನೆಯವರಿಗೆ ಸಿಗುವುದು ಚಿಲ್ಲರೆ ಮೊತ್ತ. ಅದಕ್ಕಾಗಿ ಸಹಿ ಹಾಕುವುದು ದಡ್ಡತನ, ಇನ್ನಷ್ಟು ಕೊಡಿ ಎಂದು ಜಗ್ಗಾಡುವುದೂ ವ್ಯರ್ಥ. ಆ ಹೊತ್ತನ್ನು ಷರತ್ತುಗಳಿಗೆ ಬಳಸಿ. ಎಕರೆಗಟ್ಟಲೆ ಜಮೀನಿದ್ದು ಖನಿಜವೂ ನಿಮ್ಮದೇ ಆಗಿದ್ದರೆ ಲೆಕ್ಕ ಬೇರೆ. ಖನಿಜದ ಒಡೆಯರ ಒಪ್ಪಿಗೆಯಿಲ್ಲದೆ ನಡೆದ ಸರ್ವೆಯ ಬಗ್ಗೆ 1957ರಲ್ಲಿ ಫಿಲಿಪ್ಸ್ ಪೆಟ್ರೋಲಿಯಂ ವಿರುದ್ಧ ಬಂದ ಫೆಡರಲ್ ತೀರ್ಪು, ಹುಡುಕುವ ಹಕ್ಕಿಗೇ ಒಂದು ಮಾರುಕಟ್ಟೆ ಬೆಲೆ ಇದೆ ಎಂದು ಒಪ್ಪಿತು. ಕಾರಣ ಸರಳ: ಸರ್ವೆಯಲ್ಲಿ ನಿಮ್ಮ ಜಮೀನಿನಡಿ ಏನೂ ಕಾಣದಿದ್ದರೆ ಆ ಸುದ್ದಿ ಕಂಪನಿಗೆ ಗೊತ್ತು, ನಿಮ್ಮ ಖನಿಜದ ಬೆಲೆ ಅಂದಿಗೇ ಇಳಿಯಿತು. ದೊಡ್ಡ ಜಮೀನಿನವರು ದತ್ತಾಂಶದ ಪ್ರತಿಯನ್ನೂ ಕೇಳಬಹುದು.

ಬಾರ್ನೆಟ್‌ನಲ್ಲಿ ಕಂಪನಿಗಳು ಸರ್ವೆಗೆ ಅಷ್ಟು ಖರ್ಚು ಮಾಡಿದ್ದು ಯಾಕೆ ಎಂದು ತಿಳಿದರೆ ಚೌಕಾಸಿಗೆ ಬಲ ಬರುತ್ತದೆ. ಶೇಲ್ ಪದರದ ಕೆಳಗೇ ಎಲೆನ್‌ಬರ್ಗರ್ ಎಂಬ ಸುಣ್ಣಕಲ್ಲು, ಒಳಗೆಲ್ಲ ಪೊಳ್ಳು, ಪೊಳ್ಳಿನ ತುಂಬ ಉಪ್ಪುನೀರು. ಫ್ರ್ಯಾಕಿಂಗ್ ಸೀಳು ಅಲ್ಲಿಗೆ ತಲುಪಿತೆಂದರೆ ಬಾವಿಗೆ ಅನಿಲದ ಬದಲು ನೀರು. ಆ ಪೊಳ್ಳುಗಳನ್ನು ಮುಂಚೆಯೇ ತೋರಿಸುವುದು ಸರ್ವೆಯೇ. ಒಂದು ಕೆಟ್ಟ ಬಾವಿ ತಪ್ಪಿದರೆ ಸರ್ವೆಯ ಖರ್ಚಿನ ದೊಡ್ಡ ಪಾಲು ವಾಪಸ್ ಬಂದ ಹಾಗೆ.

9. ಬಾವುಟದ ತಂತಿ ಮತ್ತು ಹಸು

ಜಾಗ ಗುರುತಿಸಲು ಕ್ರೂನವರು ತೆಳ್ಳನೆಯ ತಂತಿಗೆ ಬಣ್ಣದ ಪ್ಲಾಸ್ಟಿಕ್ ಅಂಟಿಸಿದ ಪುಟ್ಟ ಬಾವುಟ ಚುಚ್ಚುತ್ತಾರೆ. ಮರೆತು ಬಿಟ್ಟ ಒಂದು ತಂತಿ ಹುಲ್ಲಿನೊಂದಿಗೆ ತುಂಡಾಗಿ ಹಸುವಿನ ಹೊಟ್ಟೆ ಸೇರಿದರೆ ಒಳಗಿನ ಚೀಲ ಚುಚ್ಚಿ ಹಸು ಸಾಯಬಹುದು. ದನ ಸಾಕಿದವರು ಮರದ ಗೂಟವೇ ಬೇಕು ಎನ್ನಿ. ತಂತಿ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಕ್ಕರೂ ಅಪಾಯ.

ಜಿಯೊಫೋನಿನ ಮೊಳೆ ಮೂರು ಇಂಚಿನದು, ಹುಲ್ಲುಹಾಸಿನಲ್ಲಿ ಒಂದು ವಾರದಲ್ಲಿ ಗುರುತೂ ಉಳಿಯದು. ಆದರೆ ಸ್ಪ್ರಿಂಕ್ಲರ್ ಪೈಪು, ನಾಯಿಗೆ ಹೂತ ತಂತಿಬೇಲಿ ಇವನ್ನು ನೀವೇ ತೋರಿಸಬೇಕು. 811ಕ್ಕೆ ಫೋನ್ ಮಾಡಿದರೆ ಬಂದು ಗುರುತು ಹಾಕುವವರು ವಿದ್ಯುತ್, ಅನಿಲ, ನೀರಿನ ಕಂಪನಿಗಳ ಲೈನಿಗೆ ಮಾತ್ರ ಹಾಕುತ್ತಾರೆ. ಮಳೆ ಬಂದ ಮೇಲೆ ನೆಲ ಒಣಗುವವರೆಗೆ ವಾಹನ ಬರಬಾರದು ಎಂದು ಬರೆಸಿ. ಜೇಡಿಯಲ್ಲಿ ಒಮ್ಮೆ ಬಿದ್ದ ಗಾಲಿಯ ಹಳ್ಳ ವರ್ಷವಾದರೂ ಮುಚ್ಚದು. ಮನೆ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆಯವರಿಗೂ ಹೇಳಿ.

10. ಬೇಡ ಎನ್ನುವುದೂ ಪೂರ್ಣ ಉತ್ತರ

ಕೆಲವರಿಗೆ ಅಂಗಳದ ಚಿಂತೆ ಇರುವುದಿಲ್ಲ. ನೆಲದಡಿಯ ಇಂಧನ ನೆಲದಡಿಯೇ ಇರಲಿ, ನಮ್ಮ ಮಕ್ಕಳ ಹವಾಮಾನಕ್ಕೆ ಇದು ಬೇಡ ಎಂಬ ನಿಲುವು ಅವರದು. ಆ ಕೆಲಸದಲ್ಲೇ ಬದುಕು ಕಟ್ಟಿಕೊಂಡ ನಾನು ಅದನ್ನು ಗೌರವಿಸುತ್ತೇನೆ. ಬೇಡ ಅನ್ನಲು ಏಜೆಂಟರಿಗೆ ಕಾರಣ ಕೊಡಬೇಕಾಗಿಲ್ಲ, ಅವರ ಸಮಾಧಾನವನ್ನೂ ಕೇಳಬೇಕಾಗಿಲ್ಲ. ಬರವಣಿಗೆಯಲ್ಲಿ ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಆಮೇಲೂ ಯಾರಾದರೂ ಜಿಯೊಫೋನ್ ನೆಟ್ಟರೆ ಕಿತ್ತು ಎಸೆಯದೆ ಫೋಟೋ ತೆಗೆದು ಕಂಪನಿಗೆ ಕಳಿಸಿ.

ಇದೇ ಸರ್ವೆ ಬೇರೆ ಕಾರಣಕ್ಕೂ ಬರುತ್ತದೆ. ಮ್ಯೂನಿಕ್ ನಗರದಲ್ಲಿ 2015–16ರ ಚಳಿಗಾಲದಲ್ಲಿ ವೈಬ್ರೇಟರ್ ಲಾರಿಗಳು ಬೀದಿ ಬೀದಿ ತಿರುಗಿದ್ದು ಮನೆಗಳನ್ನು ಬೆಚ್ಚಗಿಡಲು ಭೂಮಿಯಾಳದ ಬಿಸಿನೀರು ಹುಡುಕಲೆಂದು. ಯಂತ್ರ ಒಂದೇ, ಉದ್ದೇಶ ಬೇರೆ. ಯಾತಕ್ಕಾಗಿ ಹುಡುಕುತ್ತಿದ್ದಾರೆ ಎಂದು ಕೇಳಿ ತಿಳಿದ ಮೇಲೆ ಮನಸ್ಸು ಮಾಡಿ.

11. ಊರಿನ ಲೆಕ್ಕ ಬೇರೆ

“ನಮ್ಮ ಜಮೀನಿಗೂ ಬಂದರೆ?” ಎಂದು ಬಾಗಲಕೋಟೆ ಕಡೆಯವರು ಕೇಳುತ್ತಾರೆ. ಭಾರತದ 26 ಸಂಚಿತ ಶಿಲಾ ಜಲಾನಯನಗಳ ಪಟ್ಟಿಯಲ್ಲಿ ಭೀಮಾ–ಕಲಾದಗಿಯೂ ಇರುವುದರಿಂದ ಪ್ರಶ್ನೆ ಸಹಜವೇ. ಅಲ್ಲಿ ತೈಲ, ಅನಿಲ ಹುಡುಕುವ ಪರವಾನಗಿ ಕೊಡುವುದು ಸರ್ಕಾರ, ರಾಯಲ್ಟಿ ಹೋಗುವುದೂ ಸರ್ಕಾರಕ್ಕೆ. ರೈತನ ಪಾಲಿಗೆ ಉಳಿಯುವುದು ಬೆಳೆ ಪರಿಹಾರ. ಹಾಗಾಗಿ ಅಲ್ಲಿ ಹಿಡಿಯಬೇಕಾದ ಕಾಗದ ಪಂಚನಾಮೆ: ಯಾವ ಸರ್ವೆ ನಂಬರಿನಲ್ಲಿ, ಯಾವ ಬೆಳೆ, ಎಷ್ಟು ಗುಂಟೆ ತುಳಿಯಿತು, ಬೋರ್‌ವೆಲ್ ಎಷ್ಟು ದೂರ. ಊರಿನವರು ಒಟ್ಟಾಗಿ ಕೂತು ಬರೆಸಿದರೆ ತೂಕ ಬರುತ್ತದೆ.

12. ಕೊನೆಯ ಸಹಿಗೆ ಆತುರ ಬೇಡ

ಸರ್ವೆ ಮುಗಿದ ವಾರದಲ್ಲೇ ಏಜೆಂಟರು ಇನ್ನೊಂದು ಕಾಗದ ತರುತ್ತಾರೆ. ಎಲ್ಲ ಸರಿಯಾಗಿದೆ, ಇನ್ನು ಯಾವ ಹಕ್ಕೊತ್ತಾಯವೂ ಇಲ್ಲ ಎಂಬ ಬಿಡುಗಡೆ ಪತ್ರ, ಜೊತೆಗೆ ಚೆಕ್ಕು. ಚೆಕ್ಕು ಕಂಡು ಸಹಿ ಹಾಕಿದವರಿಗೆ ಆಮೇಲೆ ಬಾಯಿಲ್ಲ. ಅವರ ಜೊತೆ ಅಂಗಳದಲ್ಲಿ ಒಂದು ಸುತ್ತು ಹಾಕಿ. ಬಾವುಟ, ತಂತಿ, ಟೇಪಿನ ತುಂಡು ಎಲ್ಲ ಎತ್ತಿದ್ದಾರೆಯೇ, ಗಾಲಿಯ ಹಳ್ಳ ತುಂಬಿದೆಯೇ, ಗೇಟು ಸರಿ ಮುಚ್ಚುತ್ತಿದೆಯೇ ನೋಡಿ. ಹಳೆಯ ಫೋಟೋ ಹಿಡಿದು ಪ್ರತಿ ಗೋಡೆಯನ್ನೂ ಮತ್ತೆ ನೋಡಿ, ಅದೇ ಕೋನದಿಂದ ಮತ್ತೊಂದು ಫೋಟೋ ತೆಗೆಯಿರಿ. ಬಾವಿ ಇದ್ದವರು ಎರಡನೇ ನೀರಿನ ವರದಿ ಬರುವವರೆಗೆ ಕಾಯಿರಿ. ಮದ್ದಿನ ರಂಧ್ರ ಮುಚ್ಚಿದ ಜಾಗ ಒಂದೆರಡು ಮಳೆಯಲ್ಲಿ ಕುಸಿಯುವುದುಂಟು, ಆದ್ದರಿಂದ ಬಿಡುಗಡೆ ಪತ್ರಕ್ಕೆ ತೊಂಬತ್ತು ದಿನದ ಅವಧಿ ಬೇಕು ಎಂದು ಮೊದಲ ಕಾಗದದಲ್ಲೇ ಬರೆಸಿರಿ. ಆ ತೊಂಬತ್ತು ದಿನವೂ ಫೋನ್ ಎತ್ತುವ ಒಬ್ಬ ಮನುಷ್ಯನ ಹೆಸರು ಮತ್ತು ನಂಬರು ಅದೇ ಕಾಗದದಲ್ಲಿ ಇರಲಿ.